ಕಿನುಯೊ ಅಜ್ಜಿಯ ಗೆರೆ

ಕೊಎಂಜಿ ಸ್ಟೇಷನ್ನಿನ ದಕ್ಷಿಣದ ಅಂಗಡಿಬೀದಿಯಲ್ಲಿ ಕಿನುಯೊ ಅಜ್ಜಿಯನ್ನು ಕಾಣದವರಿಲ್ಲ. ಸಂಜೆಯಾದರೆ ಒಲೆ ಹಚ್ಚಲು ಬೇಸರವಾಗುವ ಹೆಂಗಸರಿಗೆಲ್ಲ ಅವಳು ಕೊರೊಕ್ಕೆ ಮಾರುವವಳು. ಬೇಯಿಸಿದ ಆಲೂಗಡ್ಡೆಗೆ ಒಂದಿಷ್ಟು ಕೊಚ್ಚಿದ ಮಾಂಸ ಸೇರಿಸಿ, ತಟ್ಟಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದು, ಕಾಗದದ ಚೀಲಕ್ಕೆ ಹಾಕಿ ಬಿಸಿಬಿಸಿಯಾಗಿ ಕೈಗಿಡುವವಳು. ಆದರೆ ಅವಳ ಅಂಗಡಿಯ ಪಕ್ಕದ ಇಕ್ಕಟ್ಟಾದ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗುವ ಗಿಟಾರಿನವರಿಗೆ, ಡ್ರಮ್ಮಿನವರಿಗೆ, ಕೂದಲಿಗೆ ನೇರಳೆ ಬಣ್ಣ ಹಚ್ಚಿಕೊಂಡ ಹುಡುಗಿಯರಿಗೆ ಅವಳೊಂದು ಬಿಡಿಸಲಾಗದ ಒಗಟು.

ಆ ನೆಲಮಾಳಿಗೆಯ ಹೆಸರು ಯಾಕನ್, ಅಂದರೆ ನೀರು ಕಾಯಿಸುವ ಕೆಟಲು. ಜನ ತುಂಬಿದರೆ ಉಸಿರಿನ ಹಬೆಯೆಲ್ಲ ಮೇಲೆ ಹತ್ತಿ, ಛಾವಣಿಯಿಂದ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಅದಕ್ಕೇ ಆ ಹೆಸರು. ಮಾಲೀಕನನ್ನು ಎಲ್ಲರೂ ಮಾಸ್ಟರ್ ಅನ್ನುತ್ತಾರೆ. ಒಂದು ಸಂಜೆಗೆ ನಾಲ್ಕೈದು ತಂಡಗಳು ಹಾಡುತ್ತವೆ. ಬಾಗಿಲಲ್ಲಿ ಅಸುಮಿ ಎಂಬ ಹುಡುಗಿ ಎತ್ತರದ ಸ್ಟೂಲಿನ ಮೇಲೆ ಕೂತು ಒಳಬರುವವರನ್ನೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇವತ್ತು ಯಾರನ್ನ ನೋಡೋಕೆ ಬಂದ್ರಿ?" ಬಂದವರು ಯಾರ ಹೆಸರು ಹೇಳುತ್ತಾರೋ ಅವರ ಹೆಸರಿನ ಕೆಳಗೆ ಕಪ್ಪುಹಲಗೆಯ ಮೇಲೆ ಒಂದು ಗೆರೆ ಬೀಳುತ್ತದೆ. ಗೆರೆ ಬಿದ್ದವರನ್ನು ಮಾಸ್ಟರ್ ಮತ್ತೆ ಕರೆಯುತ್ತಾನೆ. ಬೀಳದವರು ಗಿಟಾರನ್ನು ಚೀಲಕ್ಕೆ ತುಂಬಿಕೊಂಡು ಬೇರೆ ನೆಲಮಾಳಿಗೆ ಹುಡುಕಬೇಕು. ಹಾಡುವವರ ಹಣೆಬರಹ ಬರೆಯುವುದು ವೇದಿಕೆಯಲ್ಲಲ್ಲ, ಬಾಗಿಲಲ್ಲಿ.

ಕಿನುಯೊ ಅಂಗಡಿಯ ಬಾಗಿಲೆಳೆದು, ನಿಂಬೆಹೋಳಿನಿಂದ ಕೈ ತಿಕ್ಕಿ ಎಣ್ಣೆವಾಸನೆ ಕಳೆದುಕೊಂಡು, ಏಪ್ರನ್ ಬಿಚ್ಚುವುದನ್ನು ಮಾತ್ರ ಮರೆತು ಕೆಳಗಿಳಿಯುತ್ತಾಳೆ. ವಾರದಲ್ಲಿ ಕೆಲವು ದಿನ ಬರುತ್ತಾಳೆ, ಕೆಲವು ದಿನ ಇಲ್ಲ. ಅಸುಮಿ ಕೇಳಿದಾಗ ಅವಳು ಹೇಳುವ ಹೆಸರು ಹೆಚ್ಚುಕಮ್ಮಿ ಯಾವಾಗಲೂ ಮೊದಲು ಹಾಡುವವರದ್ದು. ಮೊದಲು ಹಾಡುವವರೆಂದರೆ ಹೊಸಬರು. ಬೇರೆ ಯಾರೂ ಹೆಸರಿಸದವರು. ಕಂಬಕ್ಕೆ ಒರಗಿ, ತಣ್ಣನೆಯ ಊಲಾಂಗ್ ಚಹಾ ಹಿಡಿದು, ಹುಬ್ಬು ಗಂಟಿಕ್ಕಿಕೊಂಡು ಕೇಳುತ್ತಾಳೆ. ಅವರು ಮುಗಿಸಿದರೋ ಇಲ್ಲವೋ, ವೇದಿಕೆಯ ಕಡೆ ಒಂದಿಷ್ಟು ಬಾಗಿ ಮೆಟ್ಟಿಲು ಹತ್ತಿಬಿಡುತ್ತಾಳೆ. ಹೆಸರುವಾಸಿ ತಂಡ ಹಾಡುವ ಹೊತ್ತಿಗೆ ಅವಳು ಮನೆಯಲ್ಲಿರುತ್ತಾಳೆ.

ಯಾಕೆ ಹೀಗೆ? ಹಾಡುವವರು ಸರದಿ ಕಾಯುವ ಕೋಣೆಯಲ್ಲಿ ಇದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಅಜ್ಜಿಗೊಬ್ಬ ಮಗನಿದ್ದನಂತೆ, ಡ್ರಮ್ ಬಾರಿಸುತ್ತಿದ್ದನಂತೆ, ಕೇಳಲು ಯಾರೂ ಬರದೆ ನೊಂದು ಊರು ಬಿಟ್ಟನಂತೆ. ಅಲ್ಲ, ಅವಳೇ ಒಂದು ಕಾಲಕ್ಕೆ ಗಿಂಜಾದ ಹೋಟೆಲುಗಳಲ್ಲಿ ಹಾಡುತ್ತಿದ್ದಳಂತೆ. ಇನ್ನೊಬ್ಬನ ಪ್ರಕಾರ ಅವಳು ರೆಕಾರ್ಡ್ ಕಂಪನಿಯ ಗೂಢಚಾರಿಣಿ, ಕೊರೊಕ್ಕೆ ಬರೀ ವೇಷ. ಕೊನೆಗೆ ಎಲ್ಲರೂ ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ. ಪಾಪ, ಅಜ್ಜಿಯದು ಮರುಕದ ಸ್ವಭಾವ, ಯಾರಿಗೂ ಬೇಡವಾದವರಿಗೆ ಒಂದು ಗೆರೆ ಹಾಕಿಸಿ ಹೋಗುತ್ತಾಳೆ. ಹಾಗಾಗಿ 'ಅಜ್ಜಿ ಗೆರೆ' ಎಂಬ ಮಾತೇ ಅಲ್ಲಿ ಹುಟ್ಟಿಕೊಂಡಿತ್ತು. ಪಂದ್ಯದಲ್ಲಿ ಕೊನೆಗೆ ಬಂದವನಿಗೆ ಕೊಡುವ ಸಮಾಧಾನದ ಬಹುಮಾನವಿದ್ದಂತೆ ಅದು. ಬರೀ ಅಜ್ಜಿ ಗೆರೆ ಬೀಳುವುದಕ್ಕಿಂತ ಒಂದೂ ಬೀಳದಿರುವುದೇ ಮರ್ಯಾದೆ ಅನ್ನುವವರೂ ಇದ್ದರು.

ಮೇ ತಿಂಗಳ ಕೊನೆಯ ಆ ಗುರುವಾರ ಚಿಹಾಯಳಿಗೆ ಬಿದ್ದದ್ದು ಅದೊಂದೇ ಗೆರೆ.

ಚಿಹಾಯ ಬೇಸ್ ಗಿಟಾರಿನವಳು. ಮೊದಲು ಮೂವರ ತಂಡವಿತ್ತು. ಒಬ್ಬಳು ಗುನ್ಮಾದ ತೌರಿಗೆ ಹೋಗಿ ಅಪ್ಪನ ಗ್ಯಾಸ್ ಸಿಲಿಂಡರಿನ ವ್ಯಾಪಾರಕ್ಕೆ ನಿಂತಳು, ಇನ್ನೊಬ್ಬಳು ಬೇರೆ ತಂಡ ಸೇರಿದಳು, ಚಿಹಾಯ ಮಗು ಹೆತ್ತಳು. ಮಗುವಿಗೆ ವರ್ಷ ತುಂಬಿದ ಮೇಲೆ ಒಬ್ಬಳೇ ಬೇಸ್ ಬಾರಿಸುತ್ತ ಹಾಡುವುದನ್ನು ಅಭ್ಯಾಸ ಮಾಡಿದ್ದಳು. ಬೇಸ್ ಮತ್ತು ಗಂಟಲು, ಅಷ್ಟೇ. ಕೇಳಿದವರು ಉಪ್ಪಿಲ್ಲದ ಸಾರು ಕಂಡಂತೆ ಮುಖ ಮಾಡುತ್ತಿದ್ದರು. ಅವಳಿಗೂ ಧೈರ್ಯವಿರಲಿಲ್ಲ. ಮನಸ್ಸಿನಲ್ಲೇ ಒಂದು ಕರಾರು ಮಾಡಿಕೊಂಡಿದ್ದಳು: ಒಬ್ಬರಾದರೂ ನಿಜವಾಗಿ ತನ್ನನ್ನೇ ಕೇಳಲು ಬಂದರೆ ಮುಂದುವರಿಸುವುದು, ಇಲ್ಲವಾದರೆ ಶನಿವಾರ ಬೇಸನ್ನು ಸ್ಟೇಷನ್ ಹತ್ತಿರದ ಹಳೇ ವಾದ್ಯಗಳ ಅಂಗಡಿಗೆ ಕೊಟ್ಟುಬಿಡುವುದು. ಅಂಗಡಿಯವನಿಗೆ ಫೋಟೊ ಕಳಿಸಿಯೂ ಆಗಿತ್ತು.

ಆ ದಿನ ತಾಲೀಮಿಗೇ ಮಗುವನ್ನು ಕಟ್ಟಿಕೊಂಡು ಹೋಗಬೇಕಾಯಿತು. ಅತ್ತೆ ಬರುವುದು ಆರು ಗಂಟೆಗೆ, ಗಂಡ ದೈಗೊ ಮುದ್ರಣಾಲಯದ ರಾತ್ರಿಪಾಳಿ ಮುಗಿಸಿ ಮಲಗಿದ್ದ. ಯಾಕನ್‌ನಲ್ಲಿ ತಾಲೀಮು ನಡೆಯುವುದು ತಲೆಕೆಳಗಾಗಿ. ರಾತ್ರಿ ಕೊನೆಗೆ ಹಾಡುವವರು ಮಧ್ಯಾಹ್ನ ಮೊದಲು ತಾಲೀಮು ಮಾಡುತ್ತಾರೆ. ಮೊದಲು ಹಾಡುವವರು ಎಲ್ಲರಿಗಿಂತ ಕೊನೆಗೆ. ಆಗ ಅವರ ವೈರು, ಸದ್ದು ಹಿಗ್ಗಿಸುವ ಪೆಟ್ಟಿಗೆ, ಮೈಕು ಎಲ್ಲ ಇಟ್ಟಲ್ಲೇ ಇರುತ್ತವೆ, ಬಾಗಿಲು ತೆರೆದ ಕೂಡಲೇ ಶುರುಮಾಡಬಹುದು. ಚಿಹಾಯಳ ಸರದಿ ಬಂದಾಗ ಸಂಜೆ ಐದು. ಆದರೂ ಎಲ್ಲರೂ ಅವಳಿಗೆ "ಶುಭೋದಯ" ಅಂದರು. ಹೊತ್ತು ಯಾವುದಾದರೂ ಅಲ್ಲಿ ಅದೇ ನಮಸ್ಕಾರ.

ಮಗು ಮಿಯೊ ಅಸುಮಿಯ ತೊಡೆಯ ಮೇಲೆ, ತಲೆಗಿಂತ ದೊಡ್ಡ ಕಿವಿಮುಚ್ಚಿಗೆ ಹಾಕಿಕೊಂಡು ಕೂತಿತ್ತು. ಚಿಹಾಯಳ ಕಣ್ಣೆಲ್ಲ ಅತ್ತಲೇ. ಕಿವಿಗೆ ಅದು ಸಾಕಾಗುತ್ತದೆಯೆ? ಅಸುಮಿಯ ಉಂಗುರ ಬಾಯಿಗೆ ಹೋದರೆ? ಈ ಹೊಗೆವಾಸನೆ ಎದೆಗೆ ಇಳಿದರೆ? ಹಾಡಿನ ನಡುವೆ ದೀಪದವನು ಏನೋ ಪರೀಕ್ಷೆ ಮಾಡಲು ಎಲ್ಲ ಆರಿಸಿದ. ಮಗು ಇದ್ದ ಕಡೆ ಬರೀ ಕತ್ತಲು. ಅವಳ ಕೈ ತಂತಿಯ ಮೇಲೇ ನಿಂತುಬಿಟ್ಟಿತು. ದೀಪ ಬಂತು. ಮಗು ಇದ್ದಲ್ಲೇ ಇತ್ತು, ಅಸುಮಿಯ ಗುಂಡಿ ಚೀಪುತ್ತಿತ್ತು. ಅವಳು ಮುಂದುವರಿಸಿದಳು.

ತಾಲೀಮು ಮುಗಿಸಿ ಮಗುವನ್ನು ಎತ್ತಿಕೊಂಡು ಮೇಲೆ ಬಂದು ಒಂದು ಕೊರೊಕ್ಕೆ ಕೊಂಡಾಗ ಕಿನುಯೊ ಚೀಲ ಕೊಡುತ್ತ, ಈಗ ಕೆಳಗೆ ಬಾರಿಸಿದ್ದು ನೀನೇನಾ, ಹೆಸರೇನು ಅಂತ ವಿಚಾರಿಸಿದ್ದಳು. ಚಿಹಾಯ ಹೇಳಿದ್ದಳು. ಅಜ್ಜಿಯ ನೋಟ ಒಂದು ಕ್ಷಣ ಮಗುವಿನ ಮೇಲೆ ನಿಂತದ್ದನ್ನೂ ಗಮನಿಸಿದ್ದಳು.

ಸಂಜೆ ಬರುತ್ತೇವೆಂದಿದ್ದ ಗೆಳತಿಯರು ಒಬ್ಬೊಬ್ಬರಾಗಿ ಸಂದೇಶ ಕಳಿಸಿದರು. ಒಬ್ಬಳ ಮಗನಿಗೆ ಜ್ವರ, ಇನ್ನೊಬ್ಬಳ ಗಂಡ ಆಫೀಸಿನಿಂದ ಬಂದಿಲ್ಲ. ಬಾಗಿಲ ಹಲಗೆಯ ಮೇಲೆ ಉಳಿದ ಹೆಸರುಗಳ ಕೆಳಗೆ ಗೆರೆಗಳು ಬೇಲಿಯಂತೆ ಸಾಲುಗಟ್ಟಿದ್ದವು. ಅವಳ ಹೆಸರಿನ ಕೆಳಗೆ ಒಂದೇ ಒಂದು ನಿಂತಿತ್ತು. ಅದು ಯಾರದೆಂದು ಕೇಳುವ ಅಗತ್ಯವಿರಲಿಲ್ಲ. ಕಂಬದ ಪಕ್ಕ ನೀಲಿ ಏಪ್ರನ್ ಕಾಣುತ್ತಿತ್ತು. ಚಿಹಾಯ ಹಠದಿಂದ ಬಾರಿಸಿದಳು. ಒಂದು ಕಡೆಯೂ ಎಡವಲಿಲ್ಲ, ಒಂದು ಕಡೆಯೂ ನಿಲ್ಲಲಿಲ್ಲ. ಇಷ್ಟು ಚೊಕ್ಕಟವಾಗಿ ತಾನು ಹಿಂದೆಂದೂ ಬಾರಿಸಿರಲಿಲ್ಲ ಅಂತ ಅವಳಿಗೇ ಅನ್ನಿಸಿತು. ಮುಗಿದಾಗ ಅಜ್ಜಿ ಏನೋ ಕಳೆದುಕೊಂಡವಳ ಹಾಗೆ ಸ್ವಲ್ಪ ಹೊತ್ತು ನಿಂತು, ಬಾಗಿ, ಹೊರಟುಹೋದಳು.

ಕಾಯುವ ಕೋಣೆಯಲ್ಲಿ ಕೊನೆಯ ತಂಡದ ಡ್ರಮ್ಮಿನ ಗೊರೊ ಕಾಲು ಚಾಚಿ ಕೂತಿದ್ದ.

"ಅಜ್ಜಿ ಗೆರೆ ಬಿತ್ತಂತೆ. ಸಿಹಿ ಹಂಚಲ್ವಾ?"

"ಕೊರೊಕ್ಕೆ ಹಂಚ್ತೀನಿ, ತಿಂತೀಯಾ?" ಅಂತ ಅಂದ ಚಿಹಾಯ ಬೇಸನ್ನು ಚೀಲಕ್ಕೆ ತುಂಬತೊಡಗಿದಳು.

ಮಾಸ್ಟರ್ ಒರಟನಲ್ಲ. ಅವಳನ್ನು ಪಕ್ಕಕ್ಕೆ ಕರೆದು, ಆ ಗೆರೆಯನ್ನು ತಾನು ಗೆರೆಯೆಂದು ಹಿಡಿಯುವುದಿಲ್ಲ, ಅದು ಅವಳಿಗೂ ಗೊತ್ತಿರುವುದೇ, ಮಗು ಇನ್ನಷ್ಟು ದೊಡ್ಡದಾಗಲಿ, ಆಮೇಲೆ ನೋಡೋಣ ಅಂದ. ಆ 'ಆಮೇಲೆ' ಎಂಬ ಮಾತಿಗೆ ಎಷ್ಟು ಅರ್ಥವಿದೆಯೆಂದು ತಿಳಿಯದಷ್ಟು ಹೊಸಬಳಲ್ಲ ಚಿಹಾಯ.

ಮರುದಿನ ಬೆಳಿಗ್ಗೆ ದೈಗೊ ಅನ್ನದ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ಅವಳ ಗೋಳನ್ನೆಲ್ಲ ಕೇಳಿದ. ಕರಾರಿನ ಪ್ರಕಾರ ಒಬ್ಬರು ಬಂದಿದ್ದಾರಲ್ಲ ಅನ್ನುವುದು ಅವನ ವಾದ. ಅಜ್ಜಿ ಬಂದದ್ದು ಕಂಕುಳಲ್ಲಿದ್ದ ಮಗುವನ್ನು ನೋಡಿ ಅಯ್ಯೋ ಅನ್ನಿಸಿ, ಕೇಳುವುದಕ್ಕಲ್ಲ ಅನ್ನುವುದು ಅವಳದು.

"ನಿಂಗೆ ಹೇಗೆ ಗೊತ್ತು?" ಅಂದ ಅವನು.

"ಎಲ್ರಿಗೂ ಗೊತ್ತು."

"ಎಲ್ರಿಗೂ ಗೊತ್ತಿರೋದಾದ್ರೆ ಯಾರೂ ಕೇಳಿರಲ್ಲ. ಹೋಗಿ ಕೇಳು. ಶನಿವಾರ ನಾಳೆ."

ಕೇಳುವುದು ಸುಲಭವೆ? ಯಾಕಮ್ಮ ನನ್ನ ಮೇಲೆ ಮರುಕ ತೋರಿಸಿದೆ ಅಂತ ಯಾರನ್ನಾದರೂ ಕೇಳಲಾಗುತ್ತದೆಯೆ? ಹೌದು ಅಂದುಬಿಟ್ಟರೆ ಮುಖ ಎಲ್ಲಿಡುವುದು? ಅವಳು ಬಟ್ಟೆ ಒಣಹಾಕಿದಳು, ಮಗುವಿಗೆ ಗಂಜಿ ಕುಡಿಸಿದಳು, ಅದರ ಹಣೆ ಮುಟ್ಟಿ ಮುಟ್ಟಿ ನೋಡಿದಳು, ಬೇಸಿನ ಚೀಲದ ದೂಳು ಒರೆಸಿದಳು. ಆದರೆ ಕುತೂಹಲ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಕೂತಿತ್ತು. ಕರುಣೆಯಿಂದ ಬಂದವಳಾದರೆ ಮುಗಿದ ಮೇಲೆ ಒಂದು ಒಳ್ಳೆಯ ಮಾತಾಡಿ ಹೋಗುತ್ತಿರಲಿಲ್ಲವೆ? ಹಾಗೆ ಪೆಚ್ಚಾಗಿ ಯಾಕೆ ನಿಂತಳು?

ಐದು ಗಂಟೆಯ ಹೊತ್ತಿಗೆ ಅವಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕೊರೊಕ್ಕೆ ಅಂಗಡಿಯ ಮುಂದಿದ್ದಳು.

"ಓ, ನೀನಾ. ಮಗೂನ ಎಣ್ಣೆ ಹತ್ರ ತರ್ಬೇಡ. ಆ ಕಡೆ ಬಾ, ಒಳಗೆ ಬಾ," ಅಂದಳು ಕಿನುಯೊ. ಮುಂದಿನ ಗಿರಾಕಿಗೆ ಚೀಲ ಕೊಟ್ಟು ಬಾಣಲೆಯ ಕಡೆ ತಿರುಗಿದಳು.

ಚಿಹಾಯ ಗೋಡೆಗೆ ಅಂಟಿಕೊಂಡು ನಿಂತಳು. ಕೆಳಗೆ ಯಾವುದೋ ತಂಡದ ತಾಲೀಮು ನಡೆದಿತ್ತು. ಅವಳಿಗೆ ಮೊದಲು ತಿಳಿದದ್ದು ಕಿವಿಯಿಂದಲ್ಲ, ಅಂಗಾಲಿನಿಂದ. ದಬ್, ದಬ್, ದಬದಬ. ದೊಡ್ಡ ಬಾಣಲೆಯ ಎಣ್ಣೆಯ ಮೇಲೆ ಬಳೆಯಂಥ ಸಣ್ಣ ಸಣ್ಣ ಅಲೆಗಳೆದ್ದು ಅಂಚಿಗೆ ಹೋಗಿ ಅಳಿಯುತ್ತಿದ್ದವು. ಗಿಟಾರಿಲ್ಲ, ಹಾಡಿಲ್ಲ. ಬರೀ ಡ್ರಮ್ಮಿನ ತಳಸದ್ದು, ಬೇಸಿನ ಗುಡುಗು.

"ಅಜ್ಜಿ, ಮೊನ್ನೆ ನನ್ನ ಹೆಸರು ಯಾಕೆ ಹೇಳಿದ್ರಿ?" ಅಂದಳು ಒಂದೇ ಉಸಿರಿಗೆ. ಮೊನ್ನೆಯಲ್ಲ, ನಿನ್ನೆ. ಗಾಬರಿಯಲ್ಲಿ ದಿನವೂ ತಪ್ಪಿತ್ತು.

ಕಿನುಯೊ ಜಾಲರಿ ಸೌಟು ಹಿಡಿದವಳು ಹಾಗೇ ನಿಂತು ಅವಳನ್ನು ನೋಡಿದಳು. "ಇಷ್ಟು ವರ್ಷಕ್ಕೆ ಇವತ್ತು ನೀನೊಬ್ಬಳು ಕೇಳಿದೆ ನೋಡು. ಯಾರನ್ನ ಅಂತ ದಿನಾ ಕೇಳ್ತಾರೆ. ಯಾಕೆ ಅಂತ ಯಾರೂ ಕೇಳಲ್ಲ."

ಆಮೇಲೆ ಗಿರಾಕಿಗಳ ನಡುನಡುವೆ, ಆಲೂಗಡ್ಡೆ ತಟ್ಟುತ್ತ, ಕೆಲವು ಸಲ ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಹೇಳುತ್ತ ಅವಳು ತನ್ನ ಕತೆ ಹೇಳಿದಳು. ನಿಗಾತದ ಹಿಮದ ಊರಿನಿಂದ ಮದುವೆಯಾಗಿ ಬಂದವಳು. ಗಂಡ ತೊಕುಜಿ ಮಾತು ಕಡಿಮೆಯ ಮನುಷ್ಯ, ಅಂಗಡಿ ಅವನಪ್ಪನದು. ಕೆಳಗಿನ ನೆಲಮಾಳಿಗೆಯಲ್ಲಿ ಆಗ ಮೂಲಂಗಿ ಉಪ್ಪಿನಕಾಯಿಯ ಪೀಪಾಯಿಗಳಿದ್ದವು. ವಾಸನೆ ಬಿಟ್ಟರೆ ಬೇರೆ ಕಾಟವಿರಲಿಲ್ಲ. ತೊಕುಜಿ ತೀರಿಕೊಂಡ ಮೇಲೆ ಮಾಸ್ಟರ್ ಅದನ್ನು ಬಾಡಿಗೆಗೆ ಹಿಡಿದ. ಮಗ ಅನ್ನುವವನು ಅವಳಿಗಿರಲೇ ಇಲ್ಲ. ಮಗಳೊಬ್ಬಳು ಎರಡು ಬೀದಿ ಆಚೆ ಕ್ಷೌರದಂಗಡಿ ಇಟ್ಟಿದ್ದಾಳೆ, ತಾಯಿಗೆ ಹುಚ್ಚು ಅನ್ನುತ್ತಾಳೆ. ಗಿಂಜಾಕ್ಕೆ ಅವಳು ಹೋದದ್ದು ಕನ್ನಡಕ ಮಾಡಿಸಲು ಮಾತ್ರ.

ಮೊದಮೊದಲು ಆ ದಬದಬಕ್ಕೆ ತಲೆ ಕೆಟ್ಟುಹೋಗುತ್ತಿತ್ತಂತೆ. ಪೊರಕೆ ಹಿಡಿಯಿಂದ ನೆಲ ಕುಟ್ಟುತ್ತಿದ್ದಳು, ಕೆಳಗಿನವರು ಅದನ್ನೂ ತಾಳವೆಂದುಕೊಂಡರೋ ಏನೋ, ನಿಲ್ಲಿಸುತ್ತಿರಲಿಲ್ಲ. ಒಂದು ಸಂಜೆ ಜಗಳಕ್ಕೆಂದೇ ಸೀರಿಯಸ್ಸಾಗಿ ಇಳಿದಳು. ಬಾಗಿಲು ತೆಗೆದರೆ ಒಬ್ಬ ಸಣಕಲ ಹುಡುಗ ಕಣ್ಣು ಮುಚ್ಚಿಕೊಂಡು ತನ್ನ ಕಳುವಾದ ಸೈಕಲ್ಲಿನ ಬಗ್ಗೆ ಹಾಡುತ್ತಿದ್ದ.

"ಒಂದು ವಾರದಿಂದ ನನ್ನ ಕಾಲಿಗೆ ಗುದ್ದುತ್ತಿದ್ದ ಸದ್ದು ಅದೇ ಕಣಮ್ಮ. ಅದರ ಮೇಲೆ ಸೈಕಲ್ ಇದೆ ಅಂತ ನಂಗೇನು ಗೊತ್ತಿತ್ತು? ಜಗಳ ಆಡೋದೇ ಮರೆತುಹೋಯ್ತು."

ಅಲ್ಲಿಂದ ಶುರುವಾಯಿತು. ಮೇಲೆ ಅಂಗಡಿಗೆ ಬರುವುದು ಸದ್ದಿನ ತಳ ಮಾತ್ರ. ಅದರ ಮೇಲೆ ಏನಿರಬಹುದು ಅಂತ ಯೋಚಿಸುತ್ತ ಕರಿಯುತ್ತಾಳೆ. ಕೆಲವು ದಿನ ಎಲ್ಲ ಸಲೀಸಾಗಿರುತ್ತದೆ, ಆಗ ಹೋಗುವುದಿಲ್ಲ. ಕೆಲವು ದಿನ ಯಾವುದೋ ಒಂದು ಸದ್ದು ಲೆಕ್ಕ ತಪ್ಪಿದ ಹಾಗೆ, ಯಾಕೆ ಹೀಗೆ ಅನ್ನುವ ಹಾಗೆ ಬರುತ್ತದೆ. ಅವತ್ತು ಹೆಸರು ಕೇಳಿಟ್ಟುಕೊಂಡು ಕೆಳಗಿಳಿಯುತ್ತಾಳೆ. ಉಳಿದದ್ದು ಏನೆಂದು ತಿಳಿದ ಮೇಲೆ ಅಲ್ಲಿ ಅವಳಿಗೆ ಕೆಲಸವಿಲ್ಲ.

"ಆದ್ರೆ ಯಾವಾಗ್ಲೂ ಮೊದಲು ಹಾಡೋರ ಹೆಸರೇ ಹೇಳ್ತೀರಲ್ಲ?"

"ಹೌದಾ? ಅದು ನಂಗೆ ಗೊತ್ತಿಲ್ಲಪ್ಪ. ಮೂರು ಗಂಟೆಗೆ ನಾನು ಹಿತ್ತಿಲಲ್ಲಿ ಆಲೂಗಡ್ಡೆ ಸುಲೀತಿರ್ತೀನಿ, ಅಲ್ಲಿಗೆ ಏನೂ ಕೇಳಲ್ಲ. ಬಾಣಲೆ ಮುಂದೆ ನಿಲ್ಲೋದು ಐದಕ್ಕೆ."

ಚಿಹಾಯಳಿಗೆ ನಗು ಬಂತು, ತಡೆದುಕೊಂಡಳು. ಐದಕ್ಕೆ ತಾಲೀಮು ಮಾಡುವವರು ಕೊನೆಯವರು. ತಾಲೀಮಿನಲ್ಲಿ ಕೊನೆಯವರು ಸಂಜೆ ಮೊದಲಿಗರು, ಮೊದಲಿಗರು ಹೊಸಬರು, ಹೊಸಬರಿಗೆ ಗೆರೆ ಬೀಳುವುದಿಲ್ಲ. ಇಷ್ಟೇ. ಇಷ್ಟು ವರ್ಷ ಇಡೀ ಯಾಕನ್ ಕರುಣೆಯೆಂದು ಕರೆದದ್ದು ಒಬ್ಬ ಹೆಂಗಸು ಆಲೂಗಡ್ಡೆ ಸುಲಿಯುವ ಹೊತ್ತನ್ನು.

"ಈಗ ನಾನು ಕೇಳ್ತೀನಿ, ನೀನು ಹೇಳು," ಅಂದಳು ಕಿನುಯೊ. "ಮಧ್ಯದಲ್ಲಿ ನಿಲ್ಲಿಸ್ತಿದ್ದೆಯಲ್ಲ, ಯಾರೂ ನಿಲ್ಲಿಸದ ಕಡೆ. ಹೆಜ್ಜೆ ಎತ್ತಿ ಇಡೋಕೆ ಹೆದರಿದೋರ ಹಾಗೆ. ಅದನ್ನ ಕೇಳ್ತಾ ಬಾಣಲೇಲಿದ್ದ ಕೊರೊಕ್ಕೆ ಸೀದು ಹೋಯ್ತು. ಅಲ್ಲೇನಿದೆ ಅಂತ ತಿಳ್ಕೊಳ್ಳೋಕೇ ಬಂದೆ. ಸಂಜೆ ಯಾಕೆ ನಿಲ್ಲಿಸ್ಲಿಲ್ಲ?"

ಚಿಹಾಯ ಬೆನ್ನಿನ ಮಗುವನ್ನು ಮೇಲೆ ಸರಿಸಿಕೊಂಡಳು. ಅದು ಹಾಡಿನಲ್ಲಿ ಇಲ್ಲವೆಂದಳು. ದೀಪ ಆರಿದ್ದು, ಮಗು ಕಾಣದೆ ಹೋದದ್ದು, ಕೈ ತಾನಾಗಿ ನಿಂತದ್ದು ಎಲ್ಲ ಹೇಳಿದಳು. ಬರೀ ತಪ್ಪು, ಕ್ಷಮಿಸಿ ಅಂತಲೂ ಸೇರಿಸಿದಳು.

"ಒಂದ್ಸಲ ಸರಿ. ಆಮೇಲೂ ಸುತ್ತಿಕೊಂಡು ಬಂದಾಗೆಲ್ಲ ಅಲ್ಲೇ ನಿಂತೆ. ಆಗ್ಲೂ ದೀಪ ಹೋಗಿತ್ತಾ?"

ಇಲ್ಲ. ಚಿಹಾಯ ಈಗ ನೆನಪು ಮಾಡಿಕೊಂಡಳು. ದೀಪ ಉರಿಯುತ್ತಿತ್ತು, ಮಗು ಕಣ್ಣೆದುರೇ ಇತ್ತು. ಆದರೂ ಪಲ್ಲವಿ ತಿರುಗಿ ಆ ಜಾಗಕ್ಕೆ ಬಂದೊಡನೆ ಬೆರಳು ತಂತಿಯಿಂದ ಮೇಲೇಳುತ್ತಿತ್ತು. ಮಗು ಇದೆಯೆಂದು ಖಾತ್ರಿಯಾದ ಮೇಲೇ ಇಳಿಯುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೆ ತಾನೂ ಹೇಳಿಕೊಂಡಿರಲಿಲ್ಲ. ಸಂಜೆ ಅತ್ತೆ ಬಂದು ಮಗುವನ್ನು ಕರೆದೊಯ್ದಿದ್ದರು. ನೋಡಲು ಏನೂ ಇರಲಿಲ್ಲ.

"ಇಲ್ಲ," ಅಂದಳು. "ಹೆದರಿಕೆ."

"ಹಾಂ." ಕಿನುಯೊ ತಲೆಯಾಡಿಸಿದಳು. ಸಮಾಧಾನವಾದ ಹಾಗೂ ಇತ್ತು, ಆಗದ ಹಾಗೂ ಇತ್ತು. "ಅದಕ್ಕೆ ನೋಡು. ಸಂಜೆ ನೀನು ರೈಲಿನ ಥರ ಸೀದಾ ಹೋಗಿಬಿಟ್ಟೆ. ನಾನು ತಪ್ಪು ಹೆಸರು ಹೇಳಿದ್ನೇನೋ ಅಂದ್ಕೊಂಡೆ. ಹಾಗಾದ್ರೆ ಆ ಹಾಡು ನಾನಿನ್ನೂ ಕೇಳೇ ಇಲ್ಲ ಅನ್ನು."

ಅಷ್ಟರಲ್ಲಿ ಶಾಲೆಯ ಹುಡುಗಿಯರ ಗುಂಪೊಂದು ಬಂದು ಕೊರೊಕ್ಕೆ ಕೇಳಿತು, ಕಿನುಯೊ ಅತ್ತ ತಿರುಗಿದಳು.

ಚಿಹಾಯ ಪಕ್ಕದ ಮೆಟ್ಟಿಲಿಳಿದಳು. ಮಾಸ್ಟರ್ ನೆಲದ ಮೇಲೆ ಮಂಡಿಯೂರಿ ವೈರು ಸುತ್ತುತ್ತಿದ್ದ. ತನಗೆ ಇನ್ನೊಂದು ಸಂಜೆ ಬೇಕೆಂದಳು. ಅವನು ತಲೆಯೆತ್ತದೆ, ನಿನ್ನೆ ಹೇಳಿದೆನಲ್ಲ, ಅಜ್ಜಿ ಗೆರೆಯೊಂದನ್ನು ಹಿಡಿದುಕೊಂಡು ತಾನೇನು ಮಾಡಲಿ ಅಂದ. ಅವಳು ಎಲ್ಲವನ್ನೂ ಹೇಳಿದಳು, ಹಿತ್ತಿಲಿನಿಂದ ಹಿಡಿದು ಬಾಣಲೆಯವರೆಗೆ.

ಮಾಸ್ಟರ್ ಸುತ್ತಿದ ವೈರನ್ನು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತತೊಡಗಿದ. ಅಜ್ಜಿ ಯಾರ್ಯಾರ ಹೆಸರು ಹೇಳಿದ್ದಳು, ಅವರಲ್ಲಿ ಯಾರನ್ನು ತಾನು ಮತ್ತೆ ಕರೆಯಲೇ ಇಲ್ಲ ಅಂತ ಲೆಕ್ಕ ಹಾಕುತ್ತಿದ್ದನೋ ಏನೋ.

"ಜೂನ್ ಎರಡನೇ ಮಂಗಳವಾರ ಖಾಲಿ ಇದೆ," ಅಂದ ಕೊನೆಗೆ. "ಮಳೆ ಇರುತ್ತೆ. ಒಂದು ನರಪಿಳ್ಳೆಯೂ ಬರಲ್ಲ."

"ಒಬ್ಬರು ಬರ್ತಾರೆ."

"ಅದು ನೀನು ಐದು ಗಂಟೆಗೆ ಹೇಗೆ ಬಾರಿಸ್ತೀಯೋ ಅದರ ಮೇಲೆ," ಅಂದ ಮಾಸ್ಟರ್, ಮೊದಲ ಸಲ ನಗುತ್ತ. "ಈಗ ಗೊತ್ತಾಯ್ತಲ್ಲ."

ಮನೆಗೆ ಹೋಗುವ ದಾರಿಯಲ್ಲಿ ಅವಳು ಹಳೇ ವಾದ್ಯಗಳ ಅಂಗಡಿಗೆ ಫೋನ್ ಮಾಡಿ, ನಾಳೆ ಬರುವುದಿಲ್ಲ, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ ಅಂದಳು. ಆ ಕಡೆಯವನು ಬೇಸರಪಡಲಿಲ್ಲ. ಹೀಗೆ ಹೇಳುವವರೇ ಹೆಚ್ಚು ಅಂದ.

ದೈಗೊ ಪಾಳಿಗೆ ಹೊರಟಿದ್ದ. ಅವಳು ಮಗುವನ್ನು ಚಾಪೆಯ ಮೇಲೆ ಬಿಟ್ಟು, ಸುತ್ತ ದಿಂಬುಗಳ ಕೋಟೆ ಕಟ್ಟಿ, ಸಣ್ಣ ಸಾಮಾನುಗಳನ್ನೆಲ್ಲ ಮೇಲೆತ್ತಿಟ್ಟು, ಬೇಸನ್ನು ತೊಡೆಗೇರಿಸಿಕೊಂಡಳು. ಸದ್ದಿನ ಪೆಟ್ಟಿಗೆಗೆ ವೈರು ಚುಚ್ಚದೆ ಬಾರಿಸಿದಳು. ಆ ಜಾಗ ಬಂತು. ಬೇಕೆಂದೇ ನಿಲ್ಲಿಸಿದಳು. ಕಪಟವೆನಿಸಿತು. ಮತ್ತೆ ಮೊದಲಿನಿಂದ ಬಾರಿಸಿದಳು, ಮತ್ತೆ ನಿಲ್ಲಿಸಿದಳು. ಈ ಸಲ ಬಹಳ ಬೇಗ ಕೈ ಇಳಿಯಿತು. ಎಷ್ಟು ಹೊತ್ತು ನಿಲ್ಲಬೇಕು? ಹೆದರಿಕೆಗೆ ಅಳತೆ ಎಲ್ಲಿಂದ ತರುವುದು? ಮೂರನೆಯ ಸಲ ಅವಳು ಕಣ್ಣು ಮುಚ್ಚಿಕೊಂಡು ಬಾರಿಸಿದಳು. ಆ ಜಾಗಕ್ಕೆ ಬಂದಾಗ ಮಗು ಕಾಣಿಸಲಿಲ್ಲ. ಕೈ ನಿಂತಿತು. ದಿಂಬೊಂದು ಮಗುಚಿದ ಸದ್ದು, ಚಾಪೆಯ ಮೇಲೆ ಅಂಗೈ ತಟ್ಟುತ್ತ ಯಾರೋ ಹತ್ತಿರ ಬರುವ ಸದ್ದು. ಕಣ್ಣು ತೆರೆಯಬೇಕೆನ್ನಿಸಿತು. ತೆರೆಯಲಿಲ್ಲ. ಪುಟ್ಟ ಒದ್ದೆ ಕೈಯೊಂದು ಬಂದು ಸುಮ್ಮನಾದ ತಂತಿಯನ್ನು ಮುಟ್ಟಿ ನೋಡುವವರೆಗೂ ಕಾದಳು.